ಕೀಲಿ ತಿರುಗಿಸುವ ಮುನ್ನ ಒಂದು ಪ್ರಶ್ನೆ: ಡಿಸೋಸಿಯೇಟಿವ್ ತೊಂದರೆ ಮತ್ತು ವಾಹನ ಚಾಲನೆ



ಕುಡಿದು ಗಾಡಿ ಓಡಿಸಬಾರದು, ನಿದ್ದೆಗಣ್ಣಿನಲ್ಲಿ ಓಡಿಸಬಾರದು, ಫಿಟ್ಸ್ ಬರುವವರು ಓಡಿಸಬಾರದು ಎಂದು ನಾವೆಲ್ಲ ಕೇಳಿದ್ದೇವೆ. ಆದರೆ ಕುಡಿಯದೆ, ನಿದ್ದೆಯೂ ಬರದೆ, ಕಣ್ಣು ತೆರೆದೇ ಇರುವಾಗ ಮನಸ್ಸು ಮಾತ್ರ ರಸ್ತೆಯಿಂದ ದೂರ ಹೋಗಿಬಿಡುವ ಒಂದು ತೊಂದರೆ ಇದೆ. ವೈದ್ಯರು ಅದನ್ನು ಡಿಸೋಸಿಯೇಟಿವ್ ಡಿಸಾರ್ಡರ್ ಎನ್ನುತ್ತಾರೆ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಬೈಕು, ಸ್ಕೂಟಿ, ಗೂಡ್ಸ್ ಆಟೊ ಇಲ್ಲದೆ ಯಾವ ಮನೆಯ ಕೆಲಸವೂ ನಡೆಯುವುದಿಲ್ಲ. ಆದ್ದರಿಂದ ಈ ತೊಂದರೆ ಇರುವವರು ಗಾಡಿ ಓಡಿಸಬಹುದೇ, ಯಾವಾಗ ಓಡಿಸಬಾರದು, ನಾವು ಅವರಿಗೆ ಏನು ಮಾಡಬಹುದು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಏನಿದು?

ಟ್ರ್ಯಾಕ್ಟರ್ ಮತ್ತು ಟ್ರೈಲರ್ ನಡುವೆ ಒಂದು ಕೊಂಡಿ ಇರುತ್ತದೆ. ಆ ಕೊಂಡಿ ಕಳಚಿದರೆ ಟ್ರ್ಯಾಕ್ಟರ್ ಮುಂದೆ ಓಡುತ್ತಲೇ ಇರುತ್ತದೆ, ಟ್ರೈಲರ್ ಹಿಂದೆ ಉಳಿಯುತ್ತದೆ. ನಮ್ಮ ಮನಸ್ಸಿನಲ್ಲೂ ನೆನಪು, ಭಾವನೆ, ಗಮನ, ದೇಹದ ಅರಿವು, ‘ಇದು ನಾನು’ ಎಂಬ ಭಾವ ಇವೆಲ್ಲ ಒಂದಕ್ಕೊಂದು ಸೇರಿಕೊಂಡಿವೆ. ಯಾವುದೋ ಕಾರಣದಿಂದ ಇವುಗಳ ನಡುವಿನ ಕೊಂಡಿ ಕಳಚುವುದಕ್ಕೆ ಡಿಸೋಸಿಯೇಷನ್ ಎಂದು ಹೆಸರು. ಫ್ರಾನ್ಸಿನ ಪಿಯರ್ ಜಾನೆ ಎಂಬ ಮನೋವಿಜ್ಞಾನಿ 1889ರಲ್ಲೇ ಇದರ ಬಗ್ಗೆ ಗ್ರಂಥ ಬರೆದಿದ್ದರು.

ಸ್ವಲ್ಪ ಮಟ್ಟಿಗೆ ಇದು ಎಲ್ಲರಿಗೂ ಆಗುತ್ತದೆ. ದಿನಾ ಓಡಾಡುವ ರಸ್ತೆಯಲ್ಲಿ ಏನೋ ಯೋಚಿಸುತ್ತಾ ಹೋಗಿ, ಬಿಳಿಕೆರೆ ಯಾವಾಗ ದಾಟಿತು ಎಂದೇ ನೆನಪಿಲ್ಲದಿರುವುದು ಇಂಥದ್ದೇ. ಇದಕ್ಕೆ ಹೈವೇ ಹಿಪ್ನಾಸಿಸ್ ಎನ್ನುತ್ತಾರೆ. ಆದರೆ ಎದುರಿಗೆ ನಾಯಿ ಅಡ್ಡ ಬಂದರೆ ಮನಸ್ಸು ಥಟ್ಟನೆ ವಾಪಸ್ ಬರುತ್ತದೆ. ಕಾಯಿಲೆಯ ಮಟ್ಟದಲ್ಲಿ ಇರುವವರಿಗೆ ಹಾಗೆ ಬೇಗ ವಾಪಸ್ ಬರಲು ಆಗದೇ ಇರಬಹುದು. ಅದು ಪದೇಪದೇ ಆಗುತ್ತದೆ, ಓದಿಗೆ ಅಥವಾ ಕೆಲಸಕ್ಕೆ ತೊಂದರೆ ಕೊಡುತ್ತದೆ.

ಹೆಚ್ಚಾಗಿ ಇದರ ಹಿಂದೆ ತಡೆದುಕೊಳ್ಳಲಾಗದ ನೋವು ಇರುತ್ತದೆ: ಬಾಲ್ಯದ ಹಿಂಸೆ, ಅಪಘಾತ, ಹತ್ತಿರದವರ ಸಾವು, ಹೇಳಿಕೊಳ್ಳಲಾಗದ ಒತ್ತಡ. ಆ ನೋವಿನಿಂದ ತಪ್ಪಿಸಿಕೊಳ್ಳಲು ಮನಸ್ಸು ಕಲಿತ ದಾರಿ ಇದು. ಇದು ನಾಟಕವಲ್ಲ, ಹುಚ್ಚೂ ಅಲ್ಲ.

ಎಲ್ಲರಿಗೂ ಒಂದೇ ರೀತಿ ಇರುವುದಿಲ್ಲ

ಚಾಲನೆಯ ದೃಷ್ಟಿಯಿಂದ ಇದರ ಬಗೆಗಳನ್ನು ಬೇರೆ ಬೇರೆಯಾಗಿ ನೋಡಬೇಕು.

1. ಎಲ್ಲವೂ ಕನಸಿನಂತೆ ಕಾಣುವುದು: ಸುತ್ತಲಿನದೆಲ್ಲ ಗಾಜಿನ ಆಚೆ ಇದ್ದಂತೆ ಅನಿಸುತ್ತದೆ. ತನ್ನ ಕೈ ತನ್ನದಲ್ಲ ಎನಿಸುತ್ತದೆ. ತಾನು ಯಾರು, ಎಲ್ಲಿದ್ದೇನೆ ಎಂಬುದು ಗೊತ್ತಿರುತ್ತದೆ. ಕಡಿಮೆ ಪ್ರಮಾಣದಲ್ಲಿದ್ದಾಗ ಅನೇಕರು ಗಾಡಿ ಓಡಿಸುತ್ತಾರೆ. ಹೆಚ್ಚಾದಾಗ ದೂರ ಮತ್ತು ವೇಗದ ಅಂದಾಜು ತಪ್ಪಬಹುದು.

2. ನೆನಪು ಬಿಟ್ಟುಹೋಗುವುದು: ಕೆಲವು ನಿಮಿಷ, ಕೆಲವು ಗಂಟೆ, ಕೆಲವೊಮ್ಮೆ ದಿನಗಳೇ ನೆನಪಿನಿಂದ ಅಳಿಸಿಹೋಗುತ್ತವೆ. ಅಪರೂಪಕ್ಕೆ ಆ ಸ್ಥಿತಿಯಲ್ಲೇ ಮನೆ ಬಿಟ್ಟು ದೂರ ಹೋಗಿಬಿಡುವವರೂ ಇದ್ದಾರೆ.

3. ಒಬ್ಬರಲ್ಲೇ ಬೇರೆ ಬೇರೆ ‘ನಾನು’ ಇರುವುದು: ಒಮ್ಮೆ ದೊಡ್ಡವರಂತೆ, ಒಮ್ಮೆ ಚಿಕ್ಕ ಮಗುವಿನಂತೆ ಆಗಬಹುದು. ಮಗುವಿನ ಸ್ಥಿತಿಯಲ್ಲಿರುವ ಮನಸ್ಸಿಗೆ ಬ್ರೇಕು, ಕ್ಲಚ್ಚು, ಸಿಗ್ನಲ್ಲು ಯಾವುದೂ ಗೊತ್ತಿರದೇ ಇರಬಹುದು.

4. ಫಿಟ್ಸ್‌ನಂತೆ ಕಾಣುವುದು: ಮೈ ನಡುಗಿ ಬೀಳುತ್ತಾರೆ, ಆದರೆ ಮೆದುಳಿನ ಇಇಜಿ ಪರೀಕ್ಷೆಯಲ್ಲಿ ಮೂರ್ಛೆರೋಗದ ಅಲೆಗಳು ಕಾಣುವುದಿಲ್ಲ. ಪರೀಕ್ಷೆ ನಾರ್ಮಲ್ ಬಂತೆಂದು ‘ಸುಮ್ಮನೆ ಮಾಡುತ್ತಾಳೆ’ ಎಂದು ಬೈಯುವವರಿದ್ದಾರೆ. ಅದು ತಪ್ಪು. ಬೀಳುವುದು ಅವರ ಕೈಯಲ್ಲಿ ಇರುವುದಿಲ್ಲ.

5. ಮೈಮೇಲೆ ಬಂದಂತೆ ಆಗುವುದು: ಬೇರೆ ಯಾರೋ ಒಳಗೆ ಸೇರಿಕೊಂಡಂತೆ ಮಾತಾಡುತ್ತಾರೆ. ನಮ್ಮ ದೇಶದಲ್ಲಿ ವೈದ್ಯರ ಬಳಿಗೆ ಹೆಚ್ಚು ಬರುವುದು ಈ ನಾಲ್ಕನೆಯ ಮತ್ತು ಐದನೆಯ ಬಗೆ.

ಎರಡನೆಯ ಬಗೆಗೆ ಪ್ರಸಿದ್ಧ ಉದಾಹರಣೆಯೊಂದರಲ್ಲಿ ಕಾರೂ ಬರುತ್ತದೆ. ಪತ್ತೇದಾರಿ ಕಾದಂಬರಿಗಳ ಲೇಖಕಿ ಅಗಾಥಾ ಕ್ರಿಸ್ಟಿ 1926ರ ಡಿಸೆಂಬರ್ 3ರ ರಾತ್ರಿ ಇಂಗ್ಲೆಂಡಿನ ತಮ್ಮ ಮನೆಯಿಂದ ಕಾರು ಓಡಿಸಿಕೊಂಡು ಹೋದರು. ಮರುದಿನ ಕಾರು ಸರ್‍ರೆ ಪ್ರಾಂತ್ಯದ ಒಂದು ಇಳಿಜಾರಿನಲ್ಲಿ ಖಾಲಿಯಾಗಿ ಸಿಕ್ಕಿತು. ದೇಶವೆಲ್ಲ ಹುಡುಕಿದ ಮೇಲೆ ಡಿಸೆಂಬರ್ 14ರಂದು ಬಹು ದೂರದ ಹ್ಯಾರೊಗೇಟ್ ಊರಿನ ಹೋಟೆಲಿನಲ್ಲಿ ಬೇರೆ ಹೆಸರಿನಲ್ಲಿ ಇದ್ದರು. ಆ ವರ್ಷವೇ ಅವರ ತಾಯಿ ತೀರಿಕೊಂಡಿದ್ದರು, ಸಂಸಾರವೂ ಮುರಿಯುವ ಹಂತದಲ್ಲಿತ್ತು. ನೆನಪು ಹೋಗಿದೆ ಎಂದು ಆಗ ವೈದ್ಯರು ಹೇಳಿದರು. ಕೆಲವರು ಅದನ್ನು ನಂಬಲಿಲ್ಲ, ಚರ್ಚೆ ಇಂದಿಗೂ ಇದೆ. ಕ್ರಿಸ್ಟಿ ತಮ್ಮ ಆತ್ಮಕಥೆಯಲ್ಲಿ ಆ ಹನ್ನೊಂದು ದಿನಗಳ ಬಗ್ಗೆ ಏನೂ ಬರೆಯಲಿಲ್ಲ.

ನಮ್ಮ ಮನೆಯ ಒಂದು ಲೆಕ್ಕ

ಇಷ್ಟು ದೂರದ ಉದಾಹರಣೆ ಬೇಕಿಲ್ಲ. ನನ್ನ ಖಾಲಾ ಅವರ ಮಗನಿಗೆ ಈ ತೊಂದರೆ ಇದೆ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಹಾಕುವುದಿಲ್ಲ, ಭಾಯ್ ಎಂದೇ ಬರೆಯುತ್ತೇನೆ. ಅವರು ಎಚ್.ಡಿ. ಕೋಟೆ ಕಡೆಯಿಂದ ಬಾಳೆಗೊನೆ, ತರಕಾರಿ ತುಂಬಿಕೊಂಡು ಮೈಸೂರಿನ ಬಂಡೀಪಾಳ್ಯ ಎಪಿಎಂಸಿಗೆ ಗೂಡ್ಸ್ ಗಾಡಿ ಓಡಿಸುತ್ತಾರೆ. ಖಾಲೂ ತೀರಿಕೊಂಡ ವರ್ಷದಿಂದ ಅವರಿಗೆ ಆಗಾಗ ‘ತಲೆ ಖಾಲಿ’ ಆಗುತ್ತಿತ್ತು. ಒಂದು ದಿನ ಹಂಪಾಪುರದಲ್ಲಿ ಟೀ ಕುಡಿದದ್ದು ನೆನಪಿದೆ, ಆಮೇಲೆ ನೆನಪಿರುವುದು ಜಯಪುರ ದಾಟಿದ ಮೇಲೆ. ನಡುವಿನ ರಸ್ತೆ, ತಿರುವು, ಎದುರು ಬಂದ ಬಸ್ಸು ಯಾವುದೂ ನೆನಪಿಲ್ಲ. ಪುಣ್ಯಕ್ಕೆ ಏನೂ ಆಗಿರಲಿಲ್ಲ.

ಮನೆಯಲ್ಲಿ ಮೊದಲು ‘ಅಸರ್ ಆಗಿದೆ’ ಎಂದರು. ತಾಯತ ಕಟ್ಟಿಸಿದರು. ನಂತರ ಮೈಸೂರಿನಲ್ಲಿ ಮನೋವೈದ್ಯರ ಬಳಿ ಹೋದಾಗ ಅವರು ಓಡಿಸುವುದನ್ನು ನಿಲ್ಲಿಸಲು ಹೇಳಿದರು. ಭಾಯ್ ಕೇಳಿದ್ದು ಒಂದೇ ಮಾತು: “ಗಾಡಿ ನಿಲ್ಲಿಸಿದ್ರೆ ಮನೆ ನಡೆಯೋದು ಹೇಗೆ, ಡಾಕ್ಟ್ರೇ?” ಅದಕ್ಕೆ ಡಾಕ್ಟರು, “ಗಾಡಿ ನಿಲ್ಲಿಸಿ ಅಂತ ನಾನು ಹೇಳ್ಲಿಲ್ಲ. ಸ್ವಲ್ಪ ದಿನ ಸ್ಟೀರಿಂಗ್ ಬೇರೆಯವರ ಕೈಗೆ ಕೊಡಿ” ಎಂದರಂತೆ.

ಹಾಗೇ ಮಾಡಿದರು. ದಿನಕ್ಕೆ 800 ರೂಪಾಯಿ ಕೊಟ್ಟು ಬೇರೆ ಡ್ರೈವರ್ ಇಟ್ಟರು. ಭಾಯ್ ಪಕ್ಕದಲ್ಲಿ ಕೂತು ಲೋಡಿಂಗ್, ವ್ಯಾಪಾರ, ಲೆಕ್ಕ ನೋಡಿಕೊಂಡರು. ತಿಂಗಳಿಗೆ 20 ಟ್ರಿಪ್‌ನಂತೆ 5 ತಿಂಗಳಿಗೆ ಆದ ಖರ್ಚು 80,000 ರೂಪಾಯಿ. ಖಾಲಾ ಬಳೆ ಅಡ ಇಟ್ಟರು. ಇದು ಸಣ್ಣ ಮಾತಲ್ಲ. ಆದರೆ ಲೆಡ್ಜರಿನ ಇನ್ನೊಂದು ಬದಿಯಲ್ಲಿ ಏನಿತ್ತು ಎಂದು ಯೋಚಿಸಿ. ಹಂಪಾಪುರ, ಜಯಪುರ ನಡುವೆ ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಆ ಬದಿಯ ಮೊತ್ತವನ್ನು ಯಾವ ಬಳೆಯಿಂದಲೂ ತೀರಿಸಲಾಗದು.

ಈಗ ವೈದ್ಯರ ಒಪ್ಪಿಗೆಯ ಮೇಲೆ ಭಾಯ್ ಮತ್ತೆ ಓಡಿಸುತ್ತಿದ್ದಾರೆ. ಹಗಲು ಮಾತ್ರ, ಪಕ್ಕದಲ್ಲಿ ಲೈಸೆನ್ಸ್ ಇರುವ ಹುಡುಗನೊಬ್ಬ ಇರಲೇಬೇಕು, ನಿದ್ದೆ ಕೆಟ್ಟ ಮರುದಿನ ಸ್ಟೀರಿಂಗ್ ಆ ಹುಡುಗನಿಗೆ. ಕಾಯಿಲೆಯ ಹೆಸರು ಬರೆದಾಕ್ಷಣ ಜೀವನ ನಿಲ್ಲಬೇಕಿಲ್ಲ, ಆದರೆ ಹೆಸರು ಮುಚ್ಚಿಟ್ಟು ಓಡಿಸುವುದೂ ಸರಿಯಲ್ಲ ಎಂದು ನಾನು ಇದರಿಂದ ತಿಳಿದುಕೊಂಡೆ.

ಕಾನೂನು ಏನು ಹೇಳುತ್ತದೆ?

ಕೆಎ-45 ನಂಬರಿನ ನಮ್ಮ ಹುಣಸೂರು ಸಾರಿಗೆ ಕಚೇರಿ ಇರಲಿ, ಬೇರೆ ಯಾವುದೇ ಇರಲಿ, ಎಲ್‌ಎಲ್‌ಗೆ ಅರ್ಜಿ ಹಾಕುವಾಗ ಫಾರಂ 1 ತುಂಬಬೇಕು. ಅದು ನಮ್ಮ ಆರೋಗ್ಯದ ಬಗ್ಗೆ ನಾವೇ ಕೊಡುವ ಘೋಷಣೆ. ಮೂರ್ಛೆ ಅಥವಾ ಯಾವುದೇ ಕಾರಣದಿಂದ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆ ಸುತ್ತುವುದು ಇದೆಯೇ ಎಂಬ ಪ್ರಶ್ನೆ ಅದರಲ್ಲಿದೆ. ನೀವು ಓಡಿಸುವುದರಿಂದ ಜನರಿಗೆ ಅಪಾಯವಾಗುವಂಥ ಬೇರೆ ಕಾಯಿಲೆ ಇದೆಯೇ ಎಂಬ ಪ್ರಶ್ನೆಯೂ ಇದೆ. ಡಿಸೋಸಿಯೇಟಿವ್ ಎಂಬ ಪದ ಅಲ್ಲಿಲ್ಲ, ಆದರೆ ಈ ಎರಡು ಪ್ರಶ್ನೆಗಳ ಒಳಗೆ ಅದು ಬರುತ್ತದೆ. ಸೈಬರ್ ಸೆಂಟರಿನವರು ಎಲ್ಲದಕ್ಕೂ ‘ಇಲ್ಲ’ ಒತ್ತಿಕೊಂಡು ಹೋಗುತ್ತಾರೆ. ಆದರೆ ಘೋಷಣೆ ನಮ್ಮ ಹೆಸರಿನಲ್ಲಿ ಇರುತ್ತದೆ. ಬಾಡಿಗೆ ಮತ್ತು ಸರಕು ವಾಹನ ಓಡಿಸುವವರಿಗೆ, 40 ವರ್ಷ ದಾಟಿದವರಿಗೆ ವೈದ್ಯರೇ ಕೊಡುವ ಫಾರಂ 1ಎ ಬೇಕು.

ಮೋಟಾರು ವಾಹನ ಕಾಯ್ದೆ 1988ರ 186ನೇ ಸೆಕ್ಷನ್ ಪ್ರಕಾರ, ತನ್ನ ಕಾಯಿಲೆಯಿಂದ ಜನರಿಗೆ ಅಪಾಯ ಎಂದು ತಿಳಿದೂ ಓಡಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ದಂಡ 1,000 ರೂಪಾಯಿ, ಮತ್ತೆ ಮಾಡಿದರೆ 2,000. ಬ್ರಿಟನ್ನಿನಲ್ಲಿ ನಿಯಮ ಇನ್ನೂ ಸ್ಪಷ್ಟವಾಗಿದೆ. ನಾಲ್ಕನೆಯ ಬಗೆಯ ಫಿಟ್ಸ್ ಇರುವವರು ಓಡಿಸುವುದನ್ನು ನಿಲ್ಲಿಸಿ ಲೈಸೆನ್ಸ್ ಇಲಾಖೆಗೆ ತಿಳಿಸಬೇಕು. 3 ತಿಂಗಳು ಫಿಟ್ಸ್ ಬಾರದೆ ಇದ್ದರೆ ಮತ್ತೆ ಪರಿಗಣಿಸುತ್ತಾರೆ.

ನಮ್ಮ ವಯಸ್ಸಿನವರಿಗೆ ಒಂದು ಮಾತು. ಗೇರ್ ಇರುವ ಬೈಕಿಗೆ 18 ವರ್ಷ ತುಂಬಲೇಬೇಕು. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ 199ಎ ಸೆಕ್ಷನ್ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಆಗಬಹುದು, ಓಡಿಸಿದವರಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಕಾಮರ್ಸ್ ವಿದ್ಯಾರ್ಥಿಗಳಿಗೆ ವಿಮೆಯ ತತ್ವಗಳು ನೆನಪಿರಬಹುದು. ಮೊದಲನೆಯದು ಪರಮ ಸದ್ಭಾವನೆ, ಅಂದರೆ ಗೊತ್ತಿರುವ ಮುಖ್ಯ ವಿಷಯ ಮುಚ್ಚಿಡಬಾರದು. ಇನ್ನೊಂದು ನಷ್ಟ ತಗ್ಗಿಸುವ ತತ್ವ, ಅಂದರೆ ವಿಮೆ ಇಲ್ಲವೆಂದೇ ತಿಳಿದು ಜಾಗ್ರತೆ ವಹಿಸಬೇಕು. ಪರೀಕ್ಷೆಗೆ ನಾವು ಇವನ್ನು ಎರಡು ಅಂಕಕ್ಕೆ ಬರೆಯುತ್ತೇವೆ. ರಸ್ತೆಯಲ್ಲಿ ಇವೆರಡೂ ಜೀವ ಉಳಿಸುವ ತತ್ವಗಳು.

ಕೀಲಿ ತಿರುಗಿಸುವ ಮುನ್ನ

ಈ ತೊಂದರೆ ಇರುವವರು ಓಡಿಸಬಹುದೇ ಎಂಬ ಪ್ರಶ್ನೆಗೆ ಒಮ್ಮೆ ಉತ್ತರ ಸಿಕ್ಕರೆ ಮುಗಿಯಿತು ಎಂದಲ್ಲ. ಮೊದಲು ವೈದ್ಯರನ್ನು ಕೇಳಬೇಕು. ಅವರು ಒಪ್ಪಿದ ಮೇಲೂ ಪ್ರತಿದಿನ ಗಾಡಿ ಹತ್ತುವ ಮುನ್ನ ತನ್ನನ್ನೇ ಕೇಳಿಕೊಳ್ಳಬೇಕು.

• ನಿನ್ನೆ ರಾತ್ರಿ ಸರಿಯಾಗಿ ನಿದ್ದೆ ಆಗಿದೆಯೇ? ನಿದ್ದೆಗೆಟ್ಟರೆ ಈ ತೊಂದರೆ ಹೆಚ್ಚುತ್ತದೆ. ನಮ್ಮ ಕಡೆ ತಂಬಾಕು ಹದಗೊಳಿಸುವ ಕಾಲದಲ್ಲಿ ಬ್ಯಾರನ್ ಮುಂದೆ ರಾತ್ರಿಯಿಡೀ ಕೂರುತ್ತಾರೆ, ರಂಜಾನ್ ತಿಂಗಳಲ್ಲಿ ಸಹರಿಗೆ ಏಳುತ್ತೇವೆ, ಪರೀಕ್ಷೆಗೆ ಮುಂಚೆ ಎರಡು ಗಂಟೆಯವರೆಗೆ ಓದುತ್ತೇವೆ. ಅಂಥ ದಿನಗಳಲ್ಲಿ ಬಸ್ಸೇ ಸರಿ.
• ಇವತ್ತು ದಿನಾಂಕ ಯಾವುದು, ಎಲ್ಲಿಗೆ ಹೋಗುತ್ತಿದ್ದೇನೆ, ಯಾವ ರಸ್ತೆ? ತಡವರಿಸದೆ ಉತ್ತರ ಬರಬೇಕು.
• ಬೆಳಿಗ್ಗೆಯಿಂದ ಆಗಿದ್ದೆಲ್ಲ ನೆನಪಿದೆಯೇ? ನಡುವೆ ಏನಾದರೂ ಬಿಟ್ಟುಹೋಗಿದೆಯೇ?
• ಜಗಳ, ಕೆಟ್ಟ ಸುದ್ದಿ, ಹಳೆಯ ನೋವು ಕೆದಕಿದ ಮಾತು ಏನಾದರೂ ಆಯಿತೇ?
• ಹೊಸ ಮಾತ್ರೆ ಶುರುವಾಗಿದೆಯೇ? ಆತಂಕಕ್ಕೆ ಕೊಡುವ ಕ್ಲೋನಾಜೆಪಾಮ್‌ನಂಥ ಮಾತ್ರೆಗಳು ತೂಕಡಿಕೆ ತರುತ್ತವೆ. ಹಾಗೆಂದು ಗಾಡಿಗಾಗಿ ಮಾತ್ರೆ ಬಿಡಬಾರದು, ಮಾತ್ರೆಗಾಗಿ ಗಾಡಿ ಬಿಡಬೇಕು.

ಒಂದಕ್ಕೆ ಸರಿಯಾದ ಉತ್ತರ ಬರದಿದ್ದರೂ ಕೀಲಿ ಬೇರೆಯವರ ಕೈಗೆ ಕೊಡಬೇಕು. ಮೂರನೆಯ ಬಗೆಯವರು ಚಿಕಿತ್ಸಕರ ಜೊತೆ ಕೂತು, ‘ದೊಡ್ಡವರ ಸ್ಥಿತಿಯಲ್ಲಿ ಇದ್ದಾಗ ಮಾತ್ರ ಕೀಲಿ ಮುಟ್ಟುವುದು’ ಎಂಬ ಒಪ್ಪಂದವನ್ನು ತಮ್ಮೊಳಗೇ ಮಾಡಿಕೊಳ್ಳಬಹುದು. ಜೊತೆಗೆ ಮನೆಯವರಲ್ಲಿ ಒಬ್ಬರು ಕೀಲಿ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಕೊಂಡಿ ಹೇಳದೆ ಕೇಳದೆ ಕಳಚುವವರು, ಅಂದರೆ ಮುನ್ಸೂಚನೆಯೇ ಇಲ್ಲದೆ ನೆನಪು ತಪ್ಪುವವರು ಅಥವಾ ಬೀಳುವವರು, ವೈದ್ಯರು ಹೇಳುವವರೆಗೆ ಓಡಿಸಲೇಬಾರದು.

ಓಡಿಸುವಾಗ ಶುರುವಾದರೆ

ಅನೇಕರಿಗೆ ಮುನ್ಸೂಚನೆ ಇರುತ್ತದೆ. ಶಬ್ದಗಳು ದೂರದಿಂದ ಬಂದಂತೆ ಕೇಳುತ್ತವೆ, ರಸ್ತೆ ಸಿನಿಮಾದಂತೆ ಕಾಣುತ್ತದೆ, ಕೈ ಜೋಮು ಹಿಡಿದಂತಾಗುತ್ತದೆ. ‘ಮನೆ ಹತ್ತಿರವೇ ಇದೆ, ಹೋಗಿಬಿಡೋಣ’ ಎಂಬ ಯೋಚನೆ ಆಗಲೇ ಬರುತ್ತದೆ. ಅದನ್ನು ಕೇಳಬಾರದು.

ಇಂಡಿಕೇಟರ್ ಹಾಕಿ, ನಿಧಾನ ಮಾಡಿ, ಎಡಕ್ಕೆ ರಸ್ತೆ ಬಿಟ್ಟು ನಿಲ್ಲಿಸಬೇಕು. ಎಂಜಿನ್ ಆಫ್ ಮಾಡಿ ಕೀಲಿ ತೆಗೆಯಬೇಕು. ಗಾಡಿಯಿಂದ ಇಳಿದು ರಸ್ತೆಯಿಂದ ದೂರ ಕೂರಬೇಕು. ನಂತರ ಮನಸ್ಸನ್ನು ವಾಪಸ್ ಕರೆಯುವ ಕೆಲಸ: ಕಾಣುವ ಐದು ವಸ್ತುಗಳ ಹೆಸರು ಹೇಳುವುದು, ಮುಟ್ಟಬಹುದಾದ ನಾಲ್ಕು, ಕೇಳಿಸುವ ಮೂರು ಶಬ್ದ, ಎರಡು ವಾಸನೆ, ಒಂದು ರುಚಿ. ಮುಖಕ್ಕೆ ತಣ್ಣೀರು ಹಾಕಿಕೊಳ್ಳುವುದು, ಪಾದವನ್ನು ನೆಲಕ್ಕೆ ಗಟ್ಟಿಯಾಗಿ ಒತ್ತುವುದು ಕೂಡ ಸಹಾಯ ಮಾಡುತ್ತದೆ. ಇವೆಲ್ಲ ಗಾಡಿ ನಿಲ್ಲಿಸಿದ ಮೇಲೆ ಮಾಡುವಂಥವು, ಓಡಿಸುತ್ತಾ ಮಾಡುವಂಥವಲ್ಲ. ಸರಿಯಾಯಿತು ಎನಿಸಿದರೂ ಉಳಿದ ದಾರಿಗೆ ಬೇರೆಯವರನ್ನು ಕರೆಸಿಕೊಳ್ಳುವುದು ಕ್ಷೇಮ. ಗಾಡಿಯಲ್ಲಿ ಒಂದು ಚೀಟಿ ಇರಲಿ: ನನ್ನ ಹೆಸರು, ಎಲ್ಲಿಗೆ ಹೊರಟಿದ್ದೆ, ಯಾರಿಗೆ ಫೋನ್ ಮಾಡಬೇಕು.

ಕತ್ತಲು, ಒಂದೇ ಸಮನೆ ಸಾಗುವ ರಸ್ತೆ, ಒಬ್ಬಂಟಿತನ ಮೂರೂ ಸೇರಿದಾಗ ಮನಸ್ಸು ಬೇಗ ಜಾರುತ್ತದೆ. ಎಚ್.ಡಿ. ಕೋಟೆಯಿಂದ ಬಾವಲಿ ಕಡೆಗೆ ಕಾಡಿನೊಳಗೆ ಹೋಗುವ ರಸ್ತೆ ಪ್ರಾಣಿಗಳಿಗಾಗಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಈ ತೊಂದರೆ ಇರುವವರು ಉಳಿದ ರಸ್ತೆಗಳಲ್ಲೂ ತಮಗೆ ಅದೇ ಹೊತ್ತನ್ನು ಗಡಿ ಎಂದು ಇಟ್ಟುಕೊಳ್ಳಬಹುದು.

ಚಿಕಿತ್ಸೆ ಎಲ್ಲಿದೆ?

ಇದಕ್ಕೆಂದೇ ಒಂದು ಮಾತ್ರೆ ಇಲ್ಲ. ಮುಖ್ಯ ಚಿಕಿತ್ಸೆ ಮಾತಿನ ಚಿಕಿತ್ಸೆ, ಅದಕ್ಕೆ ಸಮಯ ಬೇಕು. ಜೊತೆಗಿರುವ ಆತಂಕ, ಖಿನ್ನತೆಗೆ ಮಾತ್ರೆ ಕೊಡುತ್ತಾರೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುತ್ತಾರೆ, ಯಾವ ವಾರ ಎಂದು ಮೊದಲೇ ವಿಚಾರಿಸಿ ಹೋಗಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಎಲ್ಲೂ ಹೋಗಲಾಗದವರು ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಹೆದರಿಕೆ ಬೇಡ. ಮಾನಸಿಕ ಆರೋಗ್ಯ ಕಾಯ್ದೆ 2017ರ ಪ್ರಕಾರ, ಕಾನೂನು ಹೇಳಿರುವ ಕೆಲವು ಸಂದರ್ಭ ಬಿಟ್ಟರೆ, ವೈದ್ಯರು ನಮ್ಮ ವಿಷಯವನ್ನು ಗುಟ್ಟಾಗಿಡಬೇಕು.

ತಾಯತ, ದರ್ಗಾ, ದುವಾ ಬಗ್ಗೆಯೂ ಹೇಳಬೇಕು. ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಉನಾವಾದಲ್ಲಿ ಮೀರಾ ದಾತಾರ್ ದರ್ಗಾ ಇದೆ. ಮಾನಸಿಕ ತೊಂದರೆ ಇರುವವರನ್ನು ಬಹಳ ಕಾಲದಿಂದ ಅಲ್ಲಿಗೆ ಕರೆತರುತ್ತಾರೆ. 2008ರಿಂದ ಅಲ್ಲೇ ಮನೋವೈದ್ಯರ ಕ್ಲಿನಿಕ್ ಕೂಡ ನಡೆಯುತ್ತಿದೆ. ಅದರ ಹೆಸರೇ ‘ದವಾ ದುವಾ’. ದರ್ಗಾದ ಮುಜಾವರರೇ ಜನರನ್ನು ವೈದ್ಯರ ಬಳಿಗೆ ಕಳಿಸುತ್ತಾರೆ. ದುವಾ ಬಿಡಬೇಕೆಂದು ಯಾವ ಡಾಕ್ಟರೂ ಹೇಳುವುದಿಲ್ಲ. ದವಾ ಬಿಡಬೇಡಿ ಎಂದಷ್ಟೇ ಹೇಳುತ್ತಾರೆ.

ನಾವು ಏನು ಮಾಡಬಹುದು?

“ಇವತ್ತು ನಾನು ಓಡಿಸಲ್ಲ” ಎಂದು ಹೇಳುವುದಕ್ಕೆ ನಮ್ಮ ಊರುಗಳಲ್ಲಿ ಬೆಲೆ ತೆರಬೇಕಾಗುತ್ತದೆ. ಹುಡುಗ ಹೇಳಿದರೆ ಪುಕ್ಕಲ ಎನ್ನುತ್ತೇವೆ. ಹುಡುಗಿ ಹೇಳಿದರೆ ಮದುವೆ ಮಾತುಕತೆಗೆ ಅಡ್ಡಿ ಎಂದು ಮನೆಯಲ್ಲಿ ಬಾಯಿ ಮುಚ್ಚಿಸುತ್ತಾರೆ. ದುಡಿಯುವವರು ಹೇಳಿದರೆ ಆ ದಿನದ ಕೂಲಿ ಹೋಗುತ್ತದೆ. ಬೆಲೆ ಹೆಚ್ಚಾದರೆ ಬೇಡಿಕೆ ಇಳಿಯುತ್ತದೆ ಎಂದು ಎಕನಾಮಿಕ್ಸ್‌ನಲ್ಲಿ ಓದಿದ್ದೇವೆ. ಸತ್ಯ ಹೇಳುವುದಕ್ಕೆ ಹೆಚ್ಚು ಬೆಲೆ ಇಟ್ಟರೆ ಜನ ಸತ್ಯ ಹೇಳುವುದನ್ನು ನಿಲ್ಲಿಸುತ್ತಾರೆ. ಆ ಬೆಲೆ ಇಳಿಸುವುದು ನಮ್ಮ ಕೈಯಲ್ಲಿದೆ.

ಗೆಳೆಯ ಗಾಡಿ ಬೇಡ ಎಂದರೆ ಕಾರಣ ಕೆದಕದೆ “ಬಾ, ಬಸ್ಸಿಗೆ ಹೋಗೋಣ” ಅನ್ನೋಣ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ ಇದೆ. ಯಾರಾದರೂ ಕೂತಲ್ಲೇ ಶೂನ್ಯ ನೋಡುತ್ತಿದ್ದರೆ ಅಲುಗಾಡಿಸದೆ, ಕೂಗಾಡದೆ, ಮೆಲ್ಲಗೆ ಹೆಸರು ಹಿಡಿದು ಕರೆದು, ಎಲ್ಲಿದ್ದಾರೆ ಎಂದು ಹೇಳೋಣ. ವಿಡಿಯೊ ಮಾಡುವುದು ಬೇಡ. ಗುರುಗಳಲ್ಲಿ ಒಂದು ಮನವಿ: ತರಗತಿಯಲ್ಲಿ ಆಗಾಗ ‘ಎಲ್ಲೋ ಇರುವ’ ವಿದ್ಯಾರ್ಥಿಯನ್ನು ಬೈಯುವ ಮೊದಲು ಒಮ್ಮೆ ಪಕ್ಕಕ್ಕೆ ಕರೆದು ಮಾತಾಡಿಸಿ. ತಡವಾಗಿ ಬಂದವರು ಗಾಡಿ ಬಿಟ್ಟು ಬಸ್ಸಿಗೆ ಬಂದಿರಬಹುದು ಎಂಬುದೂ ನೆನಪಿರಲಿ.

ನಮ್ಮಲ್ಲಿ ಅನೇಕರು ಇನ್ನೊಂದು ವರ್ಷದಲ್ಲಿ ಎಲ್‌ಎಲ್‌ಗೆ ಅರ್ಜಿ ಹಾಕುತ್ತೇವೆ. ಆಗ ಫಾರಂ 1ರ ಪ್ರಶ್ನೆಗಳನ್ನು ನಾವೇ ಓದಿ, ನಾವೇ ಉತ್ತರಿಸೋಣ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ